ಝೂನಲ್ಲಿ ಬೆಟ್ಟದ ಕಾಡುಕುರಿ ನೋಡಬೇಕೇ? ಎಲ್ಲಿ, ಯಾವಾಗ, ಹೇಗೆ

ಝೂಗೆ ಹೋದವರಲ್ಲಿ ಕಾಡುಕುರಿಯ ಆವರಣದ ಮುಂದೆ ಒಂದು ನಿಮಿಷ ನಿಲ್ಲುವವರೇ ಕಡಿಮೆ. (ಇಲ್ಲಿ ಕಾಡುಕುರಿ ಅಂದರೆ ನಮ್ಮ ಕಡೆ ಆ ಹೆಸರಲ್ಲಿ ಕರೆಯುವ ಬೊಗಳುವ ಜಿಂಕೆ ಅಲ್ಲ, ಬೆಟ್ಟಗಳಲ್ಲಿ ಬದುಕುವ ಕಾಡಿನ ಕುರಿ.) "ಕುರಿ ಅಲ್ವಾ, ಊರಲ್ಲಿ ನೋಡಿದ್ದೇ" ಅಂದುಕೊಂಡು ಹುಲಿ ಕಡೆ ಹೊರಟುಬಿಡುತ್ತಾರೆ. ಹುಲಿ ಅಲ್ಲಿ ನೆರಳಲ್ಲಿ ಮಲಗಿರುತ್ತದೆ, ಸಂಜೆವರೆಗೂ ಹಾಗೇ ಮಲಗಿರುತ್ತದೆ. ಇತ್ತ ನೂರು ಕೆಜಿ ತೂಗುವ ಟಗರೊಂದು ಅಂಗೈ ಅಗಲದ ಬಂಡೆ ಅಂಚಿನಲ್ಲಿ ನಡೆದುಕೊಂಡು ಹೋಗುತ್ತಿರುತ್ತದೆ. ಅದನ್ನು ನೋಡಲು ಯಾರೂ ಇರುವುದಿಲ್ಲ.

ನನ್ನನ್ನು ಕೇಳಿದರೆ, ಝೂನಲ್ಲೂ ತನ್ನ ಕಾಡಿನ ಬದುಕನ್ನು ಹೆಚ್ಚುಕಡಿಮೆ ಹಾಗೆಯೇ ನಡೆಸುವ ಪ್ರಾಣಿಗಳಲ್ಲಿ ಬೆಟ್ಟದ ಕುರಿಯೂ ಒಂದು. ಹತ್ತಲು ಬಂಡೆ, ಜೊತೆಗೊಂದು ಹಿಂಡು ಇದ್ದರೆ ಸಾಕು, ಅದರ ಜಗಳ, ಗತ್ತು, ಪ್ರೀತಿ ಎಲ್ಲವೂ ನಮ್ಮ ಕಣ್ಣ ಮುಂದೆಯೇ ನಡೆಯುತ್ತದೆ. ಆದರೆ ಸುಮ್ನೆ ಹೋಗಿ ನಿಂತರೆ ಇದು ಕಾಣುವುದಿಲ್ಲ. ಜಾಗ, ತಿಂಗಳು, ಹೊತ್ತು ಮೂರನ್ನೂ ನೋಡಿಕೊಂಡು ಹೋಗಬೇಕು. ಡಾರ್ಜಿಲಿಂಗ್ ಪ್ರವಾಸಕ್ಕೆ ಹೊರಟವರಿಗೂ, ಅಮೆರಿಕ, ಯುರೋಪ್, ಕೊಲ್ಲಿ ದೇಶಗಳಲ್ಲಿ ಇರುವವರಿಗೂ ಉಪಯೋಗವಾಗಲಿ ಅಂತ ಈ ಮಾರ್ಗದರ್ಶಿ.

ಮೊದಲು: ಯಾವ ಕುರಿ ನೋಡಬೇಕು ಅಂತ ತೀರ್ಮಾನಿಸಿ

ಕಾಡುಕುರಿ ಅಂದರೆ ಒಂದೇ ಜಾತಿ ಅಲ್ಲ. ಝೂಗಳಲ್ಲಿ ಸಿಗುವವು ಮುಖ್ಯವಾಗಿ ಇವು.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಮೌಫ್ಲಾನ್. ಕಾಡುಕುರಿಗಳಲ್ಲೇ ಚಿಕ್ಕದು. ಕಂದು ಮೈ, ಟಗರಿನ ಬೆನ್ನಿನ ಎರಡೂ ಪಕ್ಕ ಜೀನು ಹಾಕಿದ ಹಾಗೆ ಬಿಳಿ ಪಟ್ಟೆ. ಯುರೋಪಿನ ಚಿಕ್ಕಪುಟ್ಟ ವನ್ಯಜೀವಿ ಪಾರ್ಕುಗಳಲ್ಲೂ ಇರುತ್ತದೆ. ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳಲ್ಲಿರುವ ಮೌಫ್ಲಾನ್‌ಗಳು ನಿಜಕ್ಕೂ ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ದೋಣಿಯಲ್ಲಿ ತಂದ ಆದಿಕಾಲದ ಸಾಕುಕುರಿಗಳ ಸಂತತಿ. ಮತ್ತೆ ಕಾಡು ಸೇರಿಬಿಟ್ಟವು ಅಷ್ಟೇ. ಪಶ್ಚಿಮ ಏಷ್ಯಾದಲ್ಲಿರುವ ಇದರ ಮೂಲ ಜಾತಿಯೇ ಜಗತ್ತಿನ ಎಲ್ಲ ಸಾಕುಕುರಿಗಳ ಪೂರ್ವಜ. ನಮ್ಮ ಬನ್ನೂರು ಕುರಿಯ ಮುತ್ತಜ್ಜನೂ ಅದೇ.

ಎರಡನೆಯದು ಬಾರ್ಬರಿ ಕುರಿ. ಉತ್ತರ ಆಫ್ರಿಕಾದ ಒಣ ಬೆಟ್ಟಗಳದ್ದು. ಮರಳಿನ ಬಣ್ಣ. ಗಂಟಲಿನಿಂದ ಎದೆ, ಮುಂಗಾಲಿನವರೆಗೂ ಉದ್ದ ಕೂದಲು ಇಳಿಬಿದ್ದಿರುತ್ತದೆ. ಗಂಡು ಹೆಣ್ಣು ಎರಡಕ್ಕೂ ದಪ್ಪ ಕೊಂಬು. ನಿಂತಲ್ಲಿಂದಲೇ 2 ಮೀಟರ್ ಎತ್ತರಕ್ಕೆ ಹಾರಬಲ್ಲದು. ಬಿಸಿಲು, ಚಳಿ ಎರಡನ್ನೂ ತಡೆದುಕೊಳ್ಳುವುದರಿಂದ ಝೂಗಳಿಗೆ ಇದು ಅಚ್ಚುಮೆಚ್ಚು.

ಉತ್ತರ ಅಮೆರಿಕದಲ್ಲಿ ಬಿಗ್‌ಹಾರ್ನ್ ಮತ್ತು ಡಾಲ್ ಕುರಿ. ಬಿಗ್‌ಹಾರ್ನ್ ಟಗರಿನ ಎರಡು ಕೊಂಬುಗಳದ್ದೇ 14 ಕೆಜಿವರೆಗೆ ತೂಕವಿರುತ್ತದೆ. ಡಾಲ್ ಕುರಿ ಅಲಾಸ್ಕಾ ಮತ್ತು ಕೆನಡಾದ ವಾಯುವ್ಯ ಭಾಗದ್ದು, ಮೈಯೆಲ್ಲ ಅಚ್ಚ ಬಿಳಿ, ಕೊಂಬು ತೆಳು, ತುದಿ ಹೊರಕ್ಕೆ ಚಾಚಿರುತ್ತದೆ.

ಹಿಮಾಲಯದ್ದು ಭರಲ್, ಅಂದರೆ ನೀಲಿ ಕುರಿ. ನೀಲಿ ಅಂದರೆ ಆಕಾಶ ನೀಲಿ ಅಲ್ಲ, ಸ್ಲೇಟಿನ ಬಣ್ಣ. ಹೊಟ್ಟೆ ಪಕ್ಕದಲ್ಲಿ ಮತ್ತು ಕಾಲಿನ ಮುಂಭಾಗದಲ್ಲಿ ಕಪ್ಪು ಗೆರೆ. ಟಗರಿನ ಕೊಂಬು ಸುರುಳಿ ಸುತ್ತುವುದಿಲ್ಲ, ಪಕ್ಕಕ್ಕೆ ಚಾಚಿ ಹಿಂದಕ್ಕೆ ಬಾಗುತ್ತದೆ. ಇದು ಕುರಿಯೋ ಮೇಕೆಯೋ ಎಂದು ತಿಳಿಯಲು ವನ್ಯಜೀವಿ ವಿಜ್ಞಾನಿ ಜಾರ್ಜ್ ಶಾಲರ್ 1973ರಲ್ಲಿ ನೇಪಾಳದ ಡೋಲ್ಪೋವರೆಗೂ ನಡೆದುಹೋದರು. ಅವರಿಗೆ ಕಂಡದ್ದು ಮೇಕೆಯ ಗುಣವೇ ಜಾಸ್ತಿ. ಆದರೂ ಬೆಟ್ಟದ ಕುರಿ ನೋಡಲು ಹೊರಟವರು ಇದನ್ನು ಪಟ್ಟಿಯಿಂದ ಬಿಡಬಾರದು. ಭಾರತದಲ್ಲೇ ಚೆನ್ನಾಗಿ ನೋಡಲು ಸಿಗುವುದು ಇದೇ.

ಅರ್ಗಲಿ, ಉರಿಯಲ್, ಸೈಬೀರಿಯಾದ ಹಿಮಕುರಿ ಈ ಮೂರಕ್ಕೆ ಹುಡುಕಾಟ ಜಾಸ್ತಿ. ಅರ್ಗಲಿ ಕಾಡುಕುರಿಗಳಲ್ಲೇ ಅತಿ ದೊಡ್ಡದು. ಮಧ್ಯ ಏಷ್ಯಾದ ಪಾಮೀರ್ ಬೆಟ್ಟಗಳಲ್ಲಿರುವ ಅದರ ತಳಿಗೆ ಮಾರ್ಕೊ ಪೋಲೊ ಹೆಸರಿದೆ. ಕೊಂಬಿನ ಬಾಗನ್ನು ಅನುಸರಿಸಿ ಅಳೆದರೆ 6 ಅಡಿ ದಾಟಿದ್ದೂ ಉಂಟು. ಆದರೆ ಝೂಗಳಲ್ಲಿ ಇದು ಅಪರೂಪ, ಹಿಮಕುರಿ ಅದಕ್ಕಿಂತ ಅಪರೂಪ. ಮೊದಲ ಸಲಕ್ಕೆ ಇವುಗಳ ಬೆನ್ನು ಹತ್ತಬೇಡಿ.

ನಂತರ: ಅದು ಈಗಲೂ ಅಲ್ಲಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ

ಝೂಗಳು ಪ್ರಾಣಿಗಳನ್ನು ಒಂದರಿಂದ ಇನ್ನೊಂದಕ್ಕೆ ಕಳಿಸುತ್ತಲೇ ಇರುತ್ತವೆ. ಐದು ವರ್ಷದ ಹಿಂದಿನ ಪ್ರವಾಸದ ವಿಡಿಯೊ ನಂಬಿಕೊಂಡು ಹೋದರೆ ಆ ಬಂಡೆ ಮೇಲೆ ಈಗ ಬೇರೇನೋ ಇರುತ್ತದೆ. ಹುಲಿ, ಆನೆ ಇಲ್ಲವಾದರೆ ಸುದ್ದಿಯಾಗುತ್ತದೆ, ಕುರಿ ಇಲ್ಲವಾದರೆ ಯಾರೂ ಬರೆಯುವುದಿಲ್ಲ.

ಯುರೋಪಿನ ಮಟ್ಟಿಗೆ 'ಝೂಟಿಯರ್‌ಲಿಸ್ಟೆ' ಎಂಬ ಜರ್ಮನ್ ಜಾಲತಾಣ ಬಹಳ ಉಪಯೋಗ. ಪ್ರಾಣಿ ಆರಿಸಿಕೊಂಡರೆ ಅದು ಯಾವ ಯಾವ ದೇಶದ ಯಾವ ಝೂನಲ್ಲಿದೆ, ಮೊದಲು ಎಲ್ಲಿತ್ತು ಎಂಬ ಪಟ್ಟಿಯೇ ಬರುತ್ತದೆ. ಭಾರತದಲ್ಲಾದರೆ ಕೇಂದ್ರ ಮೃಗಾಲಯ ಪ್ರಾಧಿಕಾರ ಪ್ರತಿ ವರ್ಷ ಝೂಗಳಲ್ಲಿರುವ ಪ್ರಾಣಿಗಳ ಲೆಕ್ಕ ಪ್ರಕಟಿಸುತ್ತದೆ. ಎಷ್ಟು ಗಂಡು, ಎಷ್ಟು ಹೆಣ್ಣು, ಎಷ್ಟು ಮರಿ ಎಂಬುದೂ ಅದರಲ್ಲಿರುತ್ತದೆ. ಮೈಸೂರು, ಬನ್ನೇರುಘಟ್ಟದಲ್ಲಿ ಈ ವರ್ಷ ಏನಿದೆ ಎಂದು ನೋಡಲೂ ಅದೇ ದಾರಿ. ಅಮೆರಿಕದ ಝೂಗಳಿಗೆ ಅವುಗಳದ್ದೇ ಜಾಲತಾಣದ ಪ್ರಾಣಿ ಪಟ್ಟಿ, ನಕ್ಷೆ ನೋಡಿ. ಅನುಮಾನ ಇದ್ದರೆ ಒಂದು ಮಿಂಚಂಚೆ ಹಾಕಿ. "ನಿಮ್ಮಲ್ಲಿ ಬಿಗ್‌ಹಾರ್ನ್ ಇದೆಯಾ" ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. "ಎಷ್ಟು ದೊಡ್ಡ ಟಗರು ಇವೆ, ಒಂದೇ ಆವರಣದಲ್ಲಿ ಇವೆಯಾ" ಎಂದೂ ಕೇಳಿ. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಜಾಗ ಆರಿಸುವುದು: ಝೂ ಹೆಸರು ನೋಡಬೇಡಿ, ಬಂಡೆ ನೋಡಿ

ಇದು ನಾನು ಒತ್ತಿ ಹೇಳುವ ಮಾತು. ಕುರಿ ನೋಡಲು ಹೊರಟಾಗ ಝೂ ಎಷ್ಟು ಪ್ರಸಿದ್ಧ ಎಂಬುದು ಲೆಕ್ಕಕ್ಕಿಲ್ಲ. ಸಪಾಟು ಹುಲ್ಲುಗಾವಲಿನಲ್ಲಿ ನಾಲ್ಕು ಕುರಿ ಬಿಟ್ಟಿದ್ದರೆ ಎಂಥ ದೊಡ್ಡ ಝೂ ಆದರೂ ಅಲ್ಲಿ ಕಾಣುವುದು ಮೇಯುವ ಕುರಿ ಮಾತ್ರ. ಕಡಿದಾದ ಬಂಡೆ ಇದ್ದರೆ ಚಿಕ್ಕ ಝೂ ಕೂಡ ಗೆಲ್ಲುತ್ತದೆ.

ಈ ಬಂಡೆಗಳಿಗೆ ತಮ್ಮದೇ ಇತಿಹಾಸ ಇದೆ. ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಳಿಯ ಸ್ಟೆಲಿಂಗೆನ್‌ನಲ್ಲಿ ತನ್ನ ಝೂ ತೆರೆದಾಗ ಸರಳುಗಳ ಬದಲು ಕಣ್ಣಿಗೆ ಕಾಣದ ಕಂದಕಗಳನ್ನು ಮಾಡಿಸಿದ. ಹಿನ್ನೆಲೆಗೆ ಸ್ವಿಸ್ ಶಿಲ್ಪಿ ಉರ್ಸ್ ಎಗೆನ್‌ಶ್ವೈಲರ್ ಕೈಯಲ್ಲಿ ಕೃತಕ ಬೆಟ್ಟ ಕಟ್ಟಿಸಿದ. ಅದರ ಮೇಲೆ ಬೆಟ್ಟದ ಕುರಿ, ಮೇಕೆಗಳನ್ನು ಬಿಟ್ಟ. ಕೊಳ, ಅದರಾಚೆ ಹುಲ್ಲುಮೇಯುವ ಪ್ರಾಣಿ, ಸಿಂಹ, ಎಲ್ಲಕ್ಕಿಂತ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಕುರಿ, ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತಿತ್ತು. ಇದರ ಪ್ರಭಾವದಲ್ಲೇ ಲಂಡನ್ ಝೂ 1914ರಲ್ಲಿ ಮ್ಯಾಪಿನ್ ಟೆರೇಸ್ ಎಂಬ ಕಾಂಕ್ರೀಟ್ ಬೆಟ್ಟಸಾಲು ತೆರೆಯಿತು. ಮೇಲೆ ಕುರಿ, ಮೇಕೆಗಳು, ಕೆಳಗಿನ ಅಂತಸ್ತಿನಲ್ಲಿ ಕರಡಿ. ಬೆಟ್ಟದ ಒಳಗೆ ಟೊಳ್ಳು, ಅಲ್ಲಿ ಮತ್ಸ್ಯಾಲಯದ ನೀರಿನ ತೊಟ್ಟಿಗಳು! ಆ ಬೆಟ್ಟ ಇಂದಿಗೂ ನಿಂತಿದೆ, ಆದರೆ ಕುರಿ ನೋಡಲು ಹೋಗಬೇಡಿ. ಅಲ್ಲಿ ಈಗ ಆಸ್ಟ್ರೇಲಿಯಾದ ವಾಲಬಿ ಎಂಬ ಚಿಕ್ಕ ಕಾಂಗರೂ, ಎಮು ಇವೆ.

ಈಗ ನಿಜವಾಗಿ ಹೋಗಬಹುದಾದ ಜಾಗಗಳು.

ಡಾರ್ಜಿಲಿಂಗ್. ಪದ್ಮಜಾ ನಾಯ್ಡು ಹಿಮಾಲಯನ್ ಮೃಗಾಲಯ 1958ರದ್ದು, ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಭರಲ್ ಹಿಂಡು ಇಲ್ಲಿ ಮರಿ ಹಾಕಿ ಬೆಳೆದು ಬಂದಿದೆ. ಹಿಮಾಲಯದ ತಾರ್ ಎಂಬ ಜಡೆಕೂದಲಿನ ಕಾಡುಮೇಕೆಯೂ ಇದೆ. ಕಾಡಿನಲ್ಲಿ ಭರಲ್ ಅನ್ನು ಹೆಚ್ಚಾಗಿ ತಿನ್ನುವ ಹಿಮಚಿರತೆಯೂ ಇದೇ ಝೂನಲ್ಲಿದೆ, ಎರಡನ್ನೂ ಒಂದೇ ದಿನ ನೋಡಿದರೆ ಭರಲ್ ಯಾಕೆ ಸದಾ ಬಂಡೆಗೆ ಹತ್ತಿರವೇ ಇರುತ್ತದೆ ಎಂದು ಅರ್ಥವಾಗುತ್ತದೆ. ಗುರುವಾರ ರಜೆ, ನೆನಪಿರಲಿ. ಚೌರಸ್ತಾದಿಂದ ನಡೆದೇ ಹೋಗಬಹುದು. ಒಳಗೆ ಏರು ದಾರಿ ಜಾಸ್ತಿ, ಮಂಡಿನೋವಿನ ಹಿರಿಯರಿದ್ದರೆ ನಿಧಾನಕ್ಕೆ ಹತ್ತಲು ಸಮಯ ಇಟ್ಟುಕೊಳ್ಳಿ. ಪರ್ವತಾರೋಹಣ ಸಂಸ್ಥೆಯ ವಸ್ತುಸಂಗ್ರಹಾಲಯವೂ ಇದೇ ಆವರಣದಲ್ಲಿದೆ. ಬೆಂಗಳೂರಿನಿಂದ ಬಾಗ್‌ಡೋಗ್ರಾಗೆ ವಿಮಾನ, ಅಲ್ಲಿಂದ ಬೆಟ್ಟದ ರಸ್ತೆ. ಮಳೆಗಾಲದಲ್ಲಿ ಮಂಜು ಕವಿದು ಎದುರಿನ ಬಂಡೆಯೇ ಕಾಣದ ದಿನಗಳಿರುತ್ತವೆ, ಆಗ ಹೋಗಬೇಡಿ.

ಕ್ಯಾಲಿಫೋರ್ನಿಯಾ, ಪಾಮ್ ಡೆಸರ್ಟ್. 'ದಿ ಲಿವಿಂಗ್ ಡೆಸರ್ಟ್' ಝೂನಲ್ಲಿ ಮರುಭೂಮಿಯ ಬಿಗ್‌ಹಾರ್ನ್‌ಗಳು ನಿಜವಾದ ಕಲ್ಲುಬೆಟ್ಟದ ಇಳಿಜಾರಿನಲ್ಲೇ ಇವೆ. ಬಣ್ಣ ಬಂಡೆಯಲ್ಲಿ ಎಷ್ಟು ಬೆರೆತು ಹೋಗುತ್ತದೆ ಎಂದರೆ ಎದುರಿಗೇ ಇದ್ದರೂ ಸಿಗುವುದಿಲ್ಲ. ಸುತ್ತಲಿನ ಬೆಟ್ಟಗಳಲ್ಲಿ ಇದೇ ಬಳಗದ ಕಾಡುಕುರಿಗಳಿವೆ, ಅವನ್ನು 1998ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಲಾಯಿತು. ಬೇಸಿಗೆಯಲ್ಲಿ ಈ ಝೂ ಬೆಳಗ್ಗೆ ಬೇಗ ತೆರೆದು ಮಧ್ಯಾಹ್ನಕ್ಕೇ ಮುಚ್ಚುತ್ತದೆ. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕಡೆಯ ಕನ್ನಡಿಗರಿಗೆ ಒಂದು ದಿನದ ಪ್ರವಾಸ ಆಗುತ್ತದೆ.

ಅರಿಜೋನಾ, ಟೂಸಾನ್. ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ. ಹೆಸರಲ್ಲಿ ಮ್ಯೂಸಿಯಂ ಇದ್ದರೂ ಅರ್ಧಕ್ಕಿಂತ ಹೆಚ್ಚು ಝೂ, ಅದೂ ಬಯಲಲ್ಲಿ. 1952ರಲ್ಲಿ ಶುರುವಾಯಿತು. ಇಲ್ಲಿನ ಕೃತಕ ಬಂಡೆಗಳ ಕೆಲಸ ಬೇರೆ ಝೂಗಳಿಗೂ ಮಾದರಿ. ಬಿಗ್‌ಹಾರ್ನ್ ಬಂಡೆಯ ನೆತ್ತಿ ಹತ್ತಿ ನಿಂತಾಗ ಹಿಂದೆ ಮರುಭೂಮಿಯ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಫೋಟೊದವರಿಗೆ ನಾನು ಹೇಳುವ ಮೊದಲ ಹೆಸರು ಇದು.

ವಾಷಿಂಗ್ಟನ್ ರಾಜ್ಯ. ಸಿಯಾಟಲ್ ಸುತ್ತಮುತ್ತ ಇರುವವರು ಈಟನ್‌ವಿಲ್‌ನ ನಾರ್ತ್‌ವೆಸ್ಟ್ ಟ್ರೆಕ್‌ಗೆ ಹೋಗಿ. 435 ಎಕರೆ ಕಾಡು, ಹುಲ್ಲುಗಾವಲಿನಲ್ಲಿ ಬಿಗ್‌ಹಾರ್ನ್, ಅಮೆರಿಕದ ಬೈಸನ್, ಎಲ್ಕ್ ಎಂಬ ದೊಡ್ಡ ಜಿಂಕೆ ಒಟ್ಟಿಗೇ ಓಡಾಡಿಕೊಂಡಿರುತ್ತವೆ. ನೋಡುವುದು ಟ್ರ್ಯಾಮ್ ಗಾಡಿಯಲ್ಲಿ ಕುಳಿತು. ಗಾಡಿ ನಮಗೆ ಬೇಕಾದಷ್ಟು ಹೊತ್ತು ನಿಲ್ಲುವುದಿಲ್ಲ, ಅದೊಂದು ಕೊರತೆ.

ಬಿಳಿ ಡಾಲ್ ಕುರಿಗೆ ಆಂಕರೇಜ್‌ನ ಅಲಾಸ್ಕಾ ಝೂ ಅಥವಾ ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿರುವ ಕೋಮೊ ಝೂ. ಕೋಮೊಗೆ ಟಿಕೆಟ್ ಇಲ್ಲ, ಮನಸ್ಸಿದ್ದಷ್ಟು ಕಾಣಿಕೆ ಹಾಕಬಹುದು. ಚಳಿಗಾಲದಲ್ಲಿ ಹಿಮ ಬಿದ್ದ ದಿನ ಹೋದರೆ ಬಿಳಿಯ ಮೇಲೆ ಬಿಳಿ, ಕಣ್ಣಿಗೆ ಸಿಗುವುದು ಕೊಂಬು ಮತ್ತು ಕಣ್ಣು ಮಾತ್ರ. ಕೆನಡಾದ ವೈಟ್‌ಹಾರ್ಸ್ ಹತ್ತಿರದ ಯೂಕಾನ್ ವೈಲ್ಡ್‌ಲೈಫ್ ಪ್ರಿಸರ್ವ್ ಇನ್ನೂ ಚೆನ್ನ. ಐದು ಕಿಲೋಮೀಟರ್ ಸುತ್ತುದಾರಿ, ನಡೆದೂ ಹೋಗಬಹುದು.

ಎಸ್ಟೋನಿಯಾದ ಟ್ಯಾಲಿನ್ ಝೂ. ಬೆಟ್ಟದ ಕುರಿ, ಮೇಕೆಗಳ ಹುಚ್ಚು ಇರುವವರಿಗೆ ಇದು ತೀರ್ಥಕ್ಷೇತ್ರ. 1939ರಲ್ಲಿ ಶುರುವಾದ ಈ ಝೂನ ಕಾಡುಕುರಿ, ಕಾಡುಮೇಕೆ ಸಂಗ್ರಹ ಜಗತ್ತಿನಲ್ಲೇ ದೊಡ್ಡವುಗಳಲ್ಲೊಂದು. ಥಳುಕು ಕಡಿಮೆ, ಪ್ರಾಣಿ ಜಾಸ್ತಿ. ಒಂದರ ಪಕ್ಕ ಒಂದು ಆವರಣ ಇರುವುದರಿಂದ ಕೊಂಬುಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸೈಪ್ರಸ್‌ಗೆ ಹೋದರೆ ಪಾಫೋಸ್ ಕಾಡಿನೊಳಗೆ ಸ್ಟಾವ್ರೋಸ್ ಟಿಸ್ ಪ್ಸೋಕಾಸ್ ಎಂಬ ಅರಣ್ಯ ಠಾಣೆಯಿದೆ. ಆ ದ್ವೀಪದ ಮೌಫ್ಲಾನ್‌ಗಳನ್ನು ಬೇಲಿಯೊಳಗೆ ಇಟ್ಟು ಸಾಕುತ್ತಾರೆ. ಸುತ್ತಲಿನ ಕಾಡಿನಲ್ಲೂ ಅವೇ ಇವೆ, ಆದರೆ ಮನುಷ್ಯರ ವಾಸನೆ ಬಂದರೆ ಮಾಯ.

ಯುಎಇಯಲ್ಲಿರುವವರಿಗೆ ಅಲ್ ಐನ್ ಝೂ. 1968ರದ್ದು, ಜಬಲ್ ಹಫೀತ್ ಬೆಟ್ಟದ ಬುಡದಲ್ಲಿದೆ. ಬಾರ್ಬರಿ ಕುರಿ ಇಲ್ಲಿದೆ. ಅರಬ್ ಬೆಟ್ಟಗಳ ಅಪರೂಪದ ತಾರ್ ಕೂಡ. ದುಬೈನಿಂದ ಕಾರಿನಲ್ಲಿ ಒಂದೂವರೆ ಗಂಟೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿಟ್ಟು ಬೇರೆ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನ ಹೋಗುವುದು ಬೇಡ.

ತಿಂಗಳು ಆರಿಸುವುದು

ಎರಡು ಕಾಲ ಚೆನ್ನ: ಟಗರುಗಳು ಬೆದೆಗೆ ಬರುವ ಕಾಲ, ಮರಿ ಹಾಕುವ ಕಾಲ.

ರಾಕಿ ಪರ್ವತದ ಬಿಗ್‌ಹಾರ್ನ್‌ಗಳಿಗೆ ನವೆಂಬರ್, ಡಿಸೆಂಬರ್ ಬೆದೆಗಾಲ. ಮೌಫ್ಲಾನ್‌ಗೆ ಅಕ್ಟೋಬರ್‌ನಿಂದ ಡಿಸೆಂಬರ್. ಭರಲ್‌ಗೆ ನವೆಂಬರ್ ಕೊನೆಯಿಂದ ಜನವರಿ, ಅಂದರೆ ನಮ್ಮ ಕ್ರಿಸ್‌ಮಸ್ ರಜೆಯ ಡಾರ್ಜಿಲಿಂಗ್ ಪ್ರವಾಸಕ್ಕೆ ಸರಿಯಾಗಿ ಹೊಂದುತ್ತದೆ. ಬಾರ್ಬರಿಗೆ ಸೆಪ್ಟೆಂಬರ್‌ನಿಂದ ನವೆಂಬರ್. ಮರುಭೂಮಿಯ ಬಿಗ್‌ಹಾರ್ನ್ ಮಾತ್ರ ಬೇಗ, ಆಗಸ್ಟ್‌ನಿಂದ ಅಕ್ಟೋಬರ್.

ಮರಿಗಳು ಹೆಚ್ಚಿನ ಕಡೆ ಏಪ್ರಿಲ್‌ನಿಂದ ಜೂನ್. ಮರುಭೂಮಿಯವು ಜನವರಿಯಿಂದಲೇ ಶುರು. ಈಯುವ ಹೊತ್ತಿಗೆ ತಾಯಿಕುರಿ ಹಿಂಡು ಬಿಟ್ಟು ಅತಿ ಕಡಿದಾದ ಅಂಚು ಹುಡುಕಿಕೊಂಡು ಹೋಗುತ್ತದೆ. ಒಂದೆರಡು ದಿನ ಅದು ಕಾಣಲೇ ಇಲ್ಲವೆಂದರೆ ಗಾಬರಿ ಬೇಡ. ಮರಿ ಒಂದು ವಾರ ದಾಟಿದ ಮೇಲೆ ಹೋಗಿ. ಆಗ ಮರಿಗಳೆಲ್ಲ ಒಟ್ಟು ಸೇರಿ ಬಂಡೆ ಮೇಲೆ ಓಡುವುದು, ಹಾರುವುದು, ಒಂದನ್ನೊಂದು ತಳ್ಳಿ ಬೀಳಿಸುವುದು ನಡೆಯುತ್ತದೆ. ಮಕ್ಕಳ ಜೊತೆ ಹೋಗುವುದಾದರೆ ನಾನು ಬೆದೆಗಾಲಕ್ಕಿಂತ ಇದನ್ನೇ ಆರಿಸುತ್ತೇನೆ.

ಬಿಡಬೇಕಾದ ಕಾಲವೂ ಇದೆ. ಬೇಸಿಗೆಯ ಶುರುವಿನಲ್ಲಿ ಕಾಡುಕುರಿ ಚಳಿಗಾಲದ ತುಪ್ಪಟ ಉದುರಿಸುತ್ತದೆ. ಮೈಯೆಲ್ಲ ಜೂಲುಜೂಲು, ಅಲ್ಲಲ್ಲಿ ಚಿಂದಿ ನೇತುಬಿದ್ದ ಹಾಗೆ. ಇದನ್ನು ನೋಡಿ "ಪಾಪ, ಕಾಯಿಲೆ, ನೋಡಿಕೊಳ್ಳುವವರೇ ಇಲ್ಲ" ಎಂದು ದೂರು ಬರೆಯುವವರಿದ್ದಾರೆ. ಕಾಯಿಲೆ ಅಲ್ಲ. ಸಾಕುಕುರಿಯ ಉಣ್ಣೆಯನ್ನು ನಾವು ಕತ್ತರಿಸಬೇಕು, ಕಾಡುಕುರಿಯದ್ದು ತಾನಾಗಿಯೇ ಉದುರುತ್ತದೆ.

ಹೊತ್ತು

ಝೂ ಬಾಗಿಲು ತೆರೆದ ಕೂಡಲೇ ನೇರ ಕುರಿ ಆವರಣಕ್ಕೆ ಹೋಗಿ. ಉಳಿದ ಜನ ಆನೆ, ಹುಲಿ ಕಡೆ ಹೋಗಿರುತ್ತಾರೆ, ನಿಮಗೆ ಜಾಗ ಖಾಲಿ. ಕುರಿಗಳು ಬೆಳಗ್ಗೆ ಮೇಯುತ್ತವೆ, ನಡುಮಧ್ಯಾಹ್ನ ಮಲಗಿ ಮೆಲುಕು ಹಾಕುತ್ತವೆ, ಸಂಜೆ ಮತ್ತೆ ಏಳುತ್ತವೆ. ಬೆಳಗ್ಗೆ ಆಗದಿದ್ದರೆ ಮುಚ್ಚುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ. ತಂಪಾದ ಮೋಡದ ದಿನ, ತುಂತುರು ಮಳೆಯ ದಿನ ಬಹಳ ಒಳ್ಳೆಯದು.

ಇದಕ್ಕೆ ಒಂದು ಅಪವಾದ ನೀರು. ಮರುಭೂಮಿಯ ಕುರಿ ಉರಿಬಿಸಿಲಿನಲ್ಲಿ ನೀರಿಗೆ ಬರಲೇಬೇಕು. ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಉದ್ಯಾನದಲ್ಲಿ ಕಾಡಿನ ಬಿಗ್‌ಹಾರ್ನ್‌ಗಳ ಎಣಿಕೆಯನ್ನು ಬೇಕೆಂದೇ ಜುಲೈನ ಸುಡುಬಿಸಿಲಿನಲ್ಲಿ ಮಾಡುತ್ತಾರೆ. ಸ್ವಯಂಸೇವಕರು ನೀರಿನ ಗುಂಡಿಗಳ ಹತ್ತಿರ ಕಾದು ಕೂರುತ್ತಾರೆ, ಕುರಿಗಳು ತಾವಾಗಿ ಬರುತ್ತವೆ. ಝೂನಲ್ಲೂ ಅದೇ ಉಪಾಯ. ಬಿಸಿಲಿನ ದಿನ ಬೇರೆಲ್ಲೂ ನೋಡಬೇಡಿ, ನೀರಿನ ತೊಟ್ಟಿ ಮತ್ತು ಬಂಡೆಯ ನೆರಳಿನ ಬದಿ ಎರಡನ್ನೇ ನೋಡಿ.

ಆವರಣದ ಮುಂದೆ ನಿಂತು ಹುಡುಕುವುದು

ಮೊದಲು ಬೇಲಿಯಿಂದ ಒಂದಿಷ್ಟು ಹಿಂದೆ ಸರಿಯಿರಿ. ಹತ್ತಿರ ನಿಂತರೆ ಕೆಳಗಿನ ಬಯಲು ಮಾತ್ರ ಕಾಣುತ್ತದೆ, ಕುರಿ ಇರುವುದು ಮೇಲೆ. ಬಂಡೆಯ ನೆತ್ತಿಯಿಂದ ಶುರುಮಾಡಿ, ಅಡ್ಡ ಗೆರೆ ಎಳೆದ ಹಾಗೆ ಎಡದಿಂದ ಬಲಕ್ಕೆ, ಒಂದೊಂದೇ ಮಟ್ಟ ಕೆಳಗಿಳಿಯುತ್ತ ಕಣ್ಣಾಡಿಸಿ. ಇಡೀ ಕುರಿಯನ್ನು ಹುಡುಕಬೇಡಿ. ಕೊಂಬಿನ ಬಾಗು, ಪೃಷ್ಠದ ಬಿಳಿ ಮಚ್ಚೆ, ಅಲ್ಲಾಡುವ ಕಿವಿ ಇವನ್ನು ಹುಡುಕಿ. ಬಿಗ್‌ಹಾರ್ನ್‌ನ ಹಿಂಭಾಗದ ಬಿಳಿ ಮಚ್ಚೆ ದೂರದಿಂದಲೂ ಹೊಳೆಯುತ್ತದೆ. ಭರಲ್ ಆದರೆ ಕಾಲಿನ ಕಪ್ಪು ಗೆರೆ ಮೊದಲು ಕಣ್ಣಿಗೆ ಬೀಳುತ್ತದೆ. ಒಂದು ಸಿಕ್ಕಿತೆಂದರೆ ಸುತ್ತ ಇನ್ನೂ ಮೂರು ನಾಲ್ಕು ತಾನಾಗಿ ಸಿಗುತ್ತವೆ.

ಸಾಧಾರಣ 8×32 ಅಥವಾ 8×42 ಬೈನಾಕ್ಯುಲರ್ ಇದ್ದರೆ ಸಾಕು. ಝೂಗೆ ಬೈನಾಕ್ಯುಲರ್ ಯಾಕೆ ಅಂತ ಮನೆಯವರು ನಗಬಹುದು, ನಗಲಿ ಬಿಡಿ. ಅದಿಲ್ಲದೆ ಗೊರಸು ಕಾಣುವುದಿಲ್ಲ. ಕುರಿ ಇಳಿಜಾರಿನಲ್ಲಿ ಇಳಿಯುವಾಗ ಗೊರಸಿನ ಮೇಲೆ ನಿಗಾ ಇಡಿ. ಎರಡು ಬೆರಳು ಅಗಲವಾಗಿ ತೆರೆದುಕೊಳ್ಳುತ್ತವೆ. ಹೊರ ಅಂಚು ಗಟ್ಟಿ, ನಡುವೆ ಮೆತ್ತನೆ. ಅಂಚು ಬಂಡೆಯ ಸಣ್ಣ ಉಬ್ಬನ್ನು ಕಚ್ಚಿ ಹಿಡಿಯುತ್ತದೆ, ಮೆತ್ತನೆ ಭಾಗ ಜಾರದಂತೆ ಅಂಟಿಕೊಳ್ಳುತ್ತದೆ. ಬಂಡೆಯಿಲ್ಲದ ಆವರಣದಲ್ಲಿ ಈ ಗೊರಸು ಸವೆಯುವುದಿಲ್ಲ, ಬೆಳೆದು ಬಾಗುತ್ತದೆ, ಆಗಾಗ ಹಿಡಿದು ಕತ್ತರಿಸಬೇಕಾಗುತ್ತದೆ. ಗೊರಸು ನೋಡಿಯೇ ಆವರಣ ಹೇಗಿದೆ ಅಂತ ಹೇಳಿಬಿಡಬಹುದು.

ಟಗರನ್ನು ಓದುವುದು

ಇಲ್ಲಿ ಅವಸರ ಬೇಡ. ಕನಿಷ್ಠ ಅರ್ಧ ಗಂಟೆ ಒಂದೇ ಕಡೆ ನಿಲ್ಲಿ.

ಮೊದಲು ಕೊಂಬು. ಬಿಗ್‌ಹಾರ್ನ್, ಡಾಲ್ ಟಗರುಗಳ ಕೊಂಬಿನ ಮೇಲೆ ಅಡ್ಡಡ್ಡ ಆಳವಾದ ಗೆರೆಗಳಿರುತ್ತವೆ. ವರ್ಷಕ್ಕೊಂದು. ಚಳಿಗಾಲದಲ್ಲಿ ಕೊಂಬಿನ ಬೆಳವಣಿಗೆ ನಿಲ್ಲುತ್ತದೆ, ವಸಂತದಲ್ಲಿ ಮತ್ತೆ ಶುರುವಾಗುತ್ತದೆ, ಆ ನಿಂತ ಜಾಗವೇ ಗೆರೆ. ಹೊಸ ಕೊಂಬು ಬುಡದಲ್ಲಿ ಹುಟ್ಟುವುದರಿಂದ ತುದಿ ಅಂದರೆ ಮರಿಯಾಗಿದ್ದಾಗಿನದ್ದು. ಗೆರೆ ಎಣಿಸಿದರೆ ವಯಸ್ಸು ಹತ್ತಿರ ಹತ್ತಿರ ಸಿಗುತ್ತದೆ. ಹತ್ತಿರ ಹತ್ತಿರ ಅಂದೆ, ಯಾಕೆಂದರೆ ಹಳೆಯ ಬಿಗ್‌ಹಾರ್ನ್‌ಗಳ ತುದಿ ಒಡೆದು ಮೊಂಡಾಗಿರುತ್ತದೆ, ಮೊದಲ ಒಂದೆರಡು ವರ್ಷದ ಲೆಕ್ಕ ಅದರ ಜೊತೆ ಹೋಗಿರುತ್ತದೆ. ಸಣ್ಣ ಸಣ್ಣ ಮಡಿಕೆಗಳು ನೂರಾರು ಇರುತ್ತವೆ, ಅವನ್ನು ಎಣಿಸಬೇಡಿ. ಸುತ್ತಲೂ ಒಂದೇ ಸಮ ಹಾದುಹೋಗುವ ಆಳದ ಗೆರೆಯಷ್ಟೇ ಲೆಕ್ಕ.

ಆಮೇಲೆ ಎರಡು ಟಗರುಗಳ ನಡುವೆ ಏನಾಗುತ್ತಿದೆ ನೋಡಿ. ನಿಜವಾದ ಗುದ್ದಾಟಕ್ಕಿಂತ ಮುಂಚೆ ಬಹಳ ಹೊತ್ತು ಗತ್ತಿನ ಆಟ ನಡೆಯುತ್ತದೆ. ದೊಡ್ಡ ಟಗರು ಕತ್ತನ್ನು ನೆಲಕ್ಕೆ ಸಮವಾಗಿ ಮುಂದಕ್ಕೆ ಚಾಚಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಕೊಂಬು ಪೂರ್ತಿ ಕಾಣುವ ಹಾಗೆ ಚಿಕ್ಕದರ ಪಕ್ಕ ಬರುತ್ತದೆ. ಹತ್ತಿರ ಬಂದು ಮುಂಗಾಲನ್ನು ನೇರವಾಗಿ ಎತ್ತಿ ಅದರ ಎದೆಗೋ ಹೊಟ್ಟೆಗೋ ಒದೆಯುತ್ತದೆ. ಜೋರಾದ ಒದೆತ ಅಲ್ಲ. ಇಲ್ಲಿ ದೊಡ್ಡವನು ಯಾರು ಅಂತ ನೆನಪಿಸುವುದು, ಅಷ್ಟೇ. ಚಿಕ್ಕದು ಮುಖ ತಿರುಗಿಸಿ ಹುಲ್ಲು ಮೇಯಲು ಶುರುಮಾಡಿದರೆ ಮಾತು ಮುಗಿಯಿತು. ಅದೂ ತಿರುಗಿ ಒದ್ದರೆ ಕ್ಯಾಮೆರಾ ಕೈಗೆ ತೆಗೆದುಕೊಳ್ಳಿ.

ಕೊಂಬು ಹೆಚ್ಚುಕಡಿಮೆ ಸಮ ಇರುವ ಟಗರುಗಳೇ ಗುದ್ದಾಡುವುದು. ನಮ್ಮ ಕಡೆ ಟಗರು ಕಾಳಗ ನೋಡಿದವರಿಗೆ ಹಿಂದಕ್ಕೆ ಹೆಜ್ಜೆ ಹಾಕಿ ಓಡಿ ಬರುವುದು ಗೊತ್ತು. ಬಿಗ್‌ಹಾರ್ನ್ ಅದಕ್ಕೆ ಇನ್ನೊಂದು ಸೇರಿಸುತ್ತದೆ: ಹಿಂಗಾಲ ಮೇಲೆ ಎದ್ದು ನಿಂತು, ಕೊಂಬಿನ ಅಂಚು ಎದುರಾಳಿಗೆ ತಾಗುವ ಹಾಗೆ ತಲೆ ವಾಲಿಸಿ, ಇಡೀ ಮೈಯ ಭಾರ ಹಾಕಿ ಅಪ್ಪಳಿಸುತ್ತದೆ. ಬಂದೂಕಿನ ಸದ್ದು ಕೇಳಿದಂತಾಗುತ್ತದೆ. ಡಿಕ್ಕಿಯಾದ ಮೇಲೆ ಎರಡೂ ಅಲ್ಲಾಡದೆ, ತಲೆ ಎತ್ತಿ, ಕೊಂಬು ತೋರಿಸುತ್ತ ನಿಲ್ಲುತ್ತವೆ. ಏಟು ತಿಂದು ಮಂಕಾಗಿವೆ ಅಂತ ನೋಡುವವರು ಅಂದುಕೊಳ್ಳುತ್ತಾರೆ, ಆದರೆ ಅದೂ ಆಟದ ಭಾಗ, ಎದುರಿಗಿದ್ದವನ ಕೊಂಬಿನ ಅಳತೆ ನೋಡುವುದು. ಭರಲ್ ಕೂಡ ಹಿಂಗಾಲ ಮೇಲೆ ಎದ್ದು ಮೇಲಿಂದ ಬಡಿಯುತ್ತದೆ. ಬಾರ್ಬರಿ ಏಳುವುದೇ ಇಲ್ಲ. ದೂರದಿಂದ ನಡೆದು ಬಂದು, ವೇಗ ಹೆಚ್ಚಿಸಿ, ತಲೆ ತಗ್ಗಿಸಿ ಗುದ್ದುತ್ತದೆ.

ಎಷ್ಟು ದೊಡ್ಡ ಟಗರು ಇವೆ ಎಂದು ಮೊದಲೇ ಕೇಳಲು ಹೇಳಿದ್ದು ಇದಕ್ಕೇ. ಎಷ್ಟೋ ಝೂಗಳಲ್ಲಿ ಹೆಣ್ಣು ಹಿಂಡಿನ ಜೊತೆ ಒಂದೇ ದೊಡ್ಡ ಟಗರು ಇರುತ್ತದೆ. ಅಲ್ಲಿ ಗುದ್ದಾಟ ಇರುವುದಿಲ್ಲ. ಆದರೆ ಟಗರು ಹೆಣ್ಣಿನ ಮೂತ್ರ ಮೂಸಿ, ತಲೆ ಮೇಲೆತ್ತಿ, ಮೇಲ್ತುಟಿ ಮಡಿಸಿ ಹಲ್ಲಿಲ್ಲದ ವಸಡು ತೋರಿಸಿಕೊಂಡು ನಿಲ್ಲುವುದು ಕಾಣುತ್ತದೆ. ಮಕ್ಕಳು ನಗುತ್ತಿದೆ ಅನ್ನುತ್ತಾರೆ. ಹೆಣ್ಣು ಬೆದೆಗೆ ಬಂದಿದೆಯಾ ಎಂದು ಅದು ಪರೀಕ್ಷಿಸುತ್ತಿರುತ್ತದೆ.

ಫೋಟೊ

ಜಾಲರಿ ಇದ್ದರೆ ಲೆನ್ಸನ್ನು ಅದಕ್ಕೆ ಆದಷ್ಟು ಹತ್ತಿರ ಹಿಡಿದು, ಅಪರ್ಚರ್ ಪೂರ್ತಿ ತೆರೆಯಿರಿ. ಕುರಿ ಜಾಲರಿಯಿಂದ ದೂರ ಇದ್ದಷ್ಟೂ ಜಾಲರಿ ಮಾಯವಾಗುತ್ತದೆ. ಬಿಸಿಲು ಬಿದ್ದ ಜಾಲರಿಯ ಬದಲು ನೆರಳಿನಲ್ಲಿರುವ ಭಾಗ ಆರಿಸಿ. ಮೊಬೈಲ್ ಆದರೆ ಲೆನ್ಸನ್ನೇ ಜಾಲರಿಯ ಕಣ್ಣಿಗೆ ಒತ್ತಿ ಹಿಡಿಯಿರಿ. ಬಿಳಿ ಡಾಲ್ ಕುರಿ ಬಿಸಿಲಿನಲ್ಲಿ ಬಿಳಿ ಮುದ್ದೆಯಾಗುತ್ತದೆ, ಬೆಳಕು ಸ್ವಲ್ಪ ಇಳಿಸಿ ತೆಗೆಯಿರಿ. ಆಕಾಶಕ್ಕೆ ಎದುರಾಗಿ ನಿಂತ ಕಂದು ಕುರಿಗೆ ಬೆಳಕು ಏರಿಸಬೇಕು.

ಮಾಡಬಾರದ್ದು

ತಿಂಡಿ ಹಾಕಬೇಡಿ. ಬ್ರೆಡ್, ಬಿಸ್ಕತ್ತು, ಧಾನ್ಯ ಹೆಚ್ಚಾಗಿ ಹೊಟ್ಟೆಗೆ ಹೋದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತು ಬರುತ್ತದೆ. ಊರಲ್ಲಿ ಕುರಿ ಸಾಕಿದವರಿಗೆ ಇದು ಗೊತ್ತೇ ಇದೆ. ಸಿಳ್ಳೆ, ಚಪ್ಪಾಳೆಯೂ ಬೇಡ. ಮರಿಗಳಿರುವಾಗ ಹಿಂಡು ಬೆಚ್ಚಿ ಓಡಿದರೆ ಪೆಟ್ಟಾಗುವುದು ಮರಿಗಳಿಗೇ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಸಾಕುಕುರಿ, ಮೇಕೆಗಳ ಮೂಗಿನಲ್ಲಿ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ಒಂದು ಬಗೆ ಇರುತ್ತದೆ. ಅವುಗಳಿಗೆ ಹೆಚ್ಚು ತೊಂದರೆ ಇಲ್ಲ. ಅದೇ ಬಿಗ್‌ಹಾರ್ನ್‌ಗೆ ತಗುಲಿದರೆ ನ್ಯುಮೋನಿಯಾ ಬಂದು ಹಿಂಡಿಗೆ ಹಿಂಡೇ ಸಾಯಬಹುದು, ಬದುಕಿ ಉಳಿದ ತಾಯಿಕುರಿಗಳು ಮುಂದೆ ಹಾಕುವ ಮರಿಗಳೂ ವರ್ಷಗಟ್ಟಲೆ ಹೀಗೇ ಸಾಯುತ್ತಿರಬಹುದು. ಅಮೆರಿಕದ ಕಾಡುಗಳಲ್ಲಿ ಬಿಗ್‌ಹಾರ್ನ್ ಸಂಖ್ಯೆ ಮೇಲೇಳದಿರಲು ಇದೊಂದು ದೊಡ್ಡ ಕಾರಣ. ಹಾಗಾಗಿ ಝೂನಲ್ಲಿ ಮಕ್ಕಳು ಆಡಿನ ಮರಿ ಮುಟ್ಟಿ ಆಡುವ ಜಾಗ ಇದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ, ಕಾಡುಕುರಿ ಮೊದಲು ನೋಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ನಿಮಗೂ ಒಳ್ಳೆಯದು.

ಆವರಣ ಖಾಲಿ ಕಂಡರೆ

ಬೇಗ ಬಿಟ್ಟು ಹೋಗಬೇಡಿ. ಆವರಣದ ಸುತ್ತ ಒಂದು ಸುತ್ತು ಹಾಕಿ, ಬಂಡೆಯ ಹಿಂಬದಿಗೆ ಬೇರೆ ಕಿಂಡಿಯೋ ವೇದಿಕೆಯೋ ಇರುತ್ತದೆ. ಗಾಳಿ ಜೋರಿದ್ದ ದಿನ ಎಲ್ಲವೂ ಗಾಳಿ ಮರೆಯಲ್ಲಿ ಮಲಗಿರುತ್ತವೆ. ಅಲ್ಲೂ ಇಲ್ಲವಾದರೆ ಪ್ರಾಣಿ ನೋಡಿಕೊಳ್ಳುವ ಸಿಬ್ಬಂದಿಯನ್ನು ಕೇಳಿ. ಮೇವು ಎಷ್ಟು ಹೊತ್ತಿಗೆ ಹಾಕುತ್ತೀರಿ, ಯಾವ ಮೂಲೆಗೆ ಹಾಕುತ್ತೀರಿ ಎಂದು ಕೇಳಿದರೆ ಸಾಕು. ಕುರಿ ಬಗ್ಗೆ ಯಾರೂ ಕೇಳುವುದಿಲ್ಲವಲ್ಲ, ಕೇಳಿದವರಿಗೆ ಅವರು ಖುಷಿಯಿಂದ ಹೇಳುತ್ತಾರೆ. ಯಾವ ಟಗರಿಗೆ ಯಾವುದರ ಮೇಲೆ ಕೋಪ, ಯಾವ ಹೆಣ್ಣುಕುರಿ ಹಿಂಡಿನ ಯಜಮಾನಿ, ಈ ವರ್ಷ ಎಷ್ಟು ಮರಿ ಎಂಬುದೆಲ್ಲ ಅವರ ಬಾಯಲ್ಲೇ ಬರುತ್ತದೆ. ಮೇವಿನ ಹೊತ್ತು ತಿಳಿದುಕೊಂಡು, ಅದಕ್ಕೆ ಹತ್ತು ನಿಮಿಷ ಮುಂಚೆ ಮತ್ತೆ ಅಲ್ಲಿಗೆ ಬನ್ನಿ. ಬಂಡೆ ಇಳಿದು ಬರುವುದನ್ನು ನೋಡಲು ಅದೇ ಸರಿಯಾದ ಹೊತ್ತು.